ಎಡೆದೊರೆ ನಾಡಿನ ಸಿನಿಮಾಕ್ಕೆ ಎಕರೆಗಿಂತ ಮೊದಲು ಬೇಕಾದದ್ದು

ಎಡೆದೊರೆ ನಾಡೆಂದು ಕರೆಯುವ ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ನನ್ನ ಪರಿಚಯದ ಹುಡುಗನೊಬ್ಬ ಬೆಂಗಳೂರಿನಲ್ಲಿ ಲೈಟ್‌ಮನ್. ಅಪ್ಪ ಅವ್ವನ ಜೊತೆ ಕಟ್ಟಡದ ಕೆಲಸಕ್ಕೆ ಗುಳೆ ಹೋದವನು ಯಾರದೋ ಕೈಹಿಡಿದು ಸಿನಿಮಾ ಯೂನಿಟ್ಟಿಗೆ ಸೇರಿಕೊಂಡ. ಮೊಹರಂನ ಅಲಾಯಿ ಹಬ್ಬಕ್ಕೆ ಊರಿಗೆ ಬಂದಾಗ ಮಾತಿಗೆ ಸಿಕ್ಕಿದ್ದ. ಯಾವ ದೀಪ ಎಷ್ಟು ಕರೆಂಟು ಎಳೆಯುತ್ತದೆ, ಮಳೆಯ ದೃಶ್ಯಕ್ಕೆ ಬೆಳಕು ಹಿಂದಿನಿಂದ ಯಾಕೆ ಬರಬೇಕು, ಜನರೇಟರ್ ಗಾಡಿಯನ್ನು ಮೈಕಿನಿಂದ ಎಷ್ಟು ದೂರ ನಿಲ್ಲಿಸಬೇಕು ಎಂದೆಲ್ಲ ಅರ್ಧ ಗಂಟೆ ಹೇಳಿದ. ನಾನು ಬೆರಗಾಗಿ ಕೇಳಿದೆ. ಕಾಲೇಜಿನ ಮೆಟ್ಟಿಲು ಹತ್ತದ ಹುಡುಗ ಒಂದು ವಿದ್ಯೆಯನ್ನು ಪೂರ್ತಿ ಕಲಿತುಬಿಟ್ಟಿದ್ದಾನೆ. ಆ ವಿದ್ಯೆಗೆ ಅವನ ಊರಿನಲ್ಲಿ ಮಾತ್ರ ಕೆಲಸವಿಲ್ಲ. "ಇಲ್ಲಿ ಶೂಟಿಂಗ್ ಅಂದ್ರ ಮದಿವಿ ವಿಡಿಯೋ ಅಷ್ಟ ಕಾಕಾ" ಅಂದ.

ಅವನ ಮಾತು ಕೇಳುವಾಗ ನನಗೆ 'ಫೋಟೋ' ಸಿನಿಮಾ ನೆನಪಾಯಿತು. ಉತ್ಸವ್ ಗೋನವಾರ ನಿರ್ದೇಶಿಸಿ, 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಕ್ಕೆ ಬಂದ ಚಿತ್ರ ಅದು. ಪ್ರಕಾಶ್ ರಾಜ್ ಅವರ ನಿರ್ದಿಗಂತ ಅದನ್ನು ಅರ್ಪಿಸಿತ್ತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ, ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ಅಪ್ಪನ ಬಳಿಗೆ ಹೋದ ಹುಡುಗನ ಕಥೆ. ಅಷ್ಟರಲ್ಲಿ ಲಾಕ್‌ಡೌನ್ ಬೀಳುತ್ತದೆ. ಅಪ್ಪ ಮಗ ನಡೆದೇ ಊರಿಗೆ ಹೊರಡುತ್ತಾರೆ. ಮಹಾದೇವ ಹಡಪದ ಅಪ್ಪನಾಗಿ ಆಡುವ ಮಾತು ನಮ್ಮ ಕಡೆಯ ಮಾತು. ಕನ್ನಡ ಸಿನಿಮಾದಲ್ಲಿ ರಾಯಚೂರು ಸೀಮೆಯ ಭಾಷೆ ಬಂದರೆ ನಗಿಸಲಿಕ್ಕೇ ಬರಬೇಕು ಎಂಬಂತಿದ್ದ ಕಾಲ ಬಹಳ ಉದ್ದದ್ದು. ಇಲ್ಲಿ ಆ ಭಾಷೆ ನಗಿಸಲು ಬಂದಿರಲಿಲ್ಲ, ದುಃಖ ಹೇಳಲು ಬಂದಿತ್ತು. ಚಿತ್ರ ನೋಡಿ ಹೊರಬಂದಾಗ ಹೆಮ್ಮೆಯ ಜೊತೆಗೆ ಸಂಕಟವೂ ಆಯಿತು. ನಮ್ಮ ಕಥೆ ಪರದೆಗೆ ಬರಲು ಒಬ್ಬ ಹಟವಾದಿ ನಿರ್ದೇಶಕ ಬೇಕಾಯಿತು. ಅಂಥ ಹಟವಿಲ್ಲದವರ ಕಥೆಗಳ ಗತಿ ಏನು?

ಈ ಜಿಲ್ಲೆಯಲ್ಲಿ ಚಿತ್ರೋದ್ಯಮ ಬೆಳೆಯಬೇಕು, ಅದಕ್ಕೆ ಸರ್ಕಾರ ಕೈಜೋಡಿಸಬೇಕು ಎಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಚಿತ್ರನಗರಿ. ಮೈಸೂರಿಗೆ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ ಎಂದು ಘೋಷಣೆಯಾಗಿದೆ, ನಮಗೂ ಐವತ್ತು ಎಕರೆ ಕೊಡಲಿ ಎಂಬ ಮಾತು. ನಾನು ಈ ಬೇಡಿಕೆಯ ಪರವಾಗಿಲ್ಲ. ಯಾಕೆಂಬುದನ್ನು ಹೇಳಲು ಕೊಲ್ಹಾಪುರಕ್ಕೆ ಹೋಗಿಬರಬೇಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತು. ವೈ.ವಿ. ರಾವ್ ನಿರ್ದೇಶನ, ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಮದ್ರಾಸಿನಲ್ಲೂ ಅಲ್ಲ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಮುಂಬಯಿಯಿಂದ ಅಷ್ಟು ದೂರದ, ಬೆಲ್ಲ ಮತ್ತು ಚಪ್ಪಲಿಗೆ ಹೆಸರಾದ ಒಂದು ಸಂಸ್ಥಾನದ ಊರಿಗೆ ಕನ್ನಡದವರು ಸಿನಿಮಾ ತೆಗೆಯಲು ಯಾಕೆ ಹೋದರು? ಅಲ್ಲಿ ಕೆಲಸ ಬಲ್ಲ ಕೈಗಳಿದ್ದವು, ಅದಕ್ಕೆ.

ಆ ಕೈಗಳು ಬಂದದ್ದು ನಾಟಕದ ಪರದೆಯ ಹಿಂದಿನಿಂದ. ಬಾಬುರಾವ್ ಪೇಂಟರ್ ಎಂದೇ ಹೆಸರಾದವರು ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅವರೂ ಅವರ ಸೋದರಸಂಬಂಧಿ ಆನಂದರಾವ್ ಅವರೂ ಸೇರಿ ಫಾಲ್ಕೆಯವರ ಚಿತ್ರ ನೋಡಿ, ತಾವೂ ಸಿನಿಮಾ ತೆಗೆಯಬೇಕೆಂದು ಹಟ ತೊಟ್ಟರು. ವಿಲಾಯತಿ ಕ್ಯಾಮೆರಾ ಕೊಳ್ಳಲು ಹಣವಿಲ್ಲ. ತಾವೇ ಕ್ಯಾಮೆರಾ ಮಾಡಲು ಕೂತರು. ಆನಂದರಾವ್ ನಡುವೆಯೇ ತೀರಿಕೊಂಡರು. ಬಾಬುರಾವ್ ಕೆಲಸ ಬಿಡಲಿಲ್ಲ, ಕ್ಯಾಮೆರಾ ಮುಗಿಸಿದರು. ಗಾಯಕಿ ತಾನಿಬಾಯಿ ಕಾಗಲಕರ್ ಹಣ ಕೊಟ್ಟರು. ಛತ್ರಪತಿ ಶಾಹೂ ಮಹಾರಾಜರ ಆಸರೆ ಸಿಕ್ಕಿತು. 1920ರಲ್ಲಿ 'ಸೈರಂಧ್ರಿ' ಬಂತು. ಬಾಬುರಾವ್ ಕಟ್ಟಿದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಸೆಟ್ಟು ಕಟ್ಟುತ್ತ, ಕಸ ಗುಡಿಸುತ್ತ, ಪಾತ್ರ ಮಾಡುತ್ತ ಕಲಿತವರಲ್ಲಿ ವಿ. ಶಾಂತಾರಾಂ ಒಬ್ಬರು. 1929ರಲ್ಲಿ ಅವರೂ ಗೆಳೆಯರೂ ಕಟ್ಟಿದ ಪ್ರಭಾತ್ ಕಂಪನಿ ಹುಟ್ಟಿದ್ದೂ ಕೊಲ್ಹಾಪುರದಲ್ಲೇ. 1933ರಲ್ಲಿ ಅದು ಪುಣೆಗೆ ಹೋಯಿತು. ಇಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವುದು ಅದೇ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ.

ಅಲ್ಲಿಯ ಅನುಕ್ರಮವನ್ನು ಗಮನಿಸಬೇಕು. ಮೊದಲು ನಾಟಕ ಇತ್ತು. ನಾಟಕದಿಂದ ಬಡಗಿ, ಬಣ್ಣಗಾರ, ದರ್ಜಿ, ನಟ ಬಂದರು. ಅವರ ಬೆನ್ನಿಗೆ ಊರಿನ ಒಬ್ಬರ ಹಣ ಬಂತು. ಅರಮನೆಯ ನೆರವು ಅದಾದ ಮೇಲೆ. ಅದೇ ಕೊಲ್ಹಾಪುರದಲ್ಲಿ 1980ರ ದಶಕದಲ್ಲಿ ಮಹಾರಾಷ್ಟ್ರ ಸರ್ಕಾರ ಊರ ಹೊರಗೆ ಜಮೀನು ಗುರುತಿಸಿ ಚಿತ್ರನಗರಿ ಕಟ್ಟಿತು. ಅಷ್ಟರಲ್ಲಿ ಕೆಲಸ ಬಲ್ಲವರು ಮುಂಬಯಿ ಸೇರಿ ಆಗಿತ್ತು. ಆ ಚಿತ್ರನಗರಿ ಎಷ್ಟೋ ವರ್ಷ ಬಿಕೋ ಎನ್ನುತ್ತ ನಿಂತಿತು. ಸಂಸ್ಥಾನದ ಕಾಲದ ನೆರವು ಮನುಷ್ಯರನ್ನು ಹಿಂಬಾಲಿಸಿ ಬಂದಿತ್ತು. ಸರ್ಕಾರದ ಎಕರೆಗಳು ಮನುಷ್ಯರಿಗಾಗಿ ಕಾಯುತ್ತ ಕೂತವು.

ಇನ್ನೊಂದು ಊರು ನಮ್ಮ ರಾಜ್ಯದಲ್ಲೇ ಇದೆ, ರಾಮನಗರ. 1973ರಿಂದ ತಿಂಗಳುಗಟ್ಟಲೆ ಅಲ್ಲಿ 'ಶೋಲೆ' ಚಿತ್ರೀಕರಣ ನಡೆಯಿತು. ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯ ಸೆಟ್ಟು ಎದ್ದಿತು. ಚಿತ್ರ ಮುಗಿದ ಮೇಲೆ ಸೆಟ್ಟು ಕಿತ್ತರು, ಯೂನಿಟ್ಟು ಮುಂಬಯಿಗೆ ಹೋಯಿತು. ಇಂದಿಗೂ ಜನ ಆ ಬೆಟ್ಟವನ್ನು ಶೋಲೆ ಬೆಟ್ಟ ಅನ್ನುತ್ತಾರೆ. ಊರಿಗೆ ಉಳಿದದ್ದು ಆ ಹೆಸರು. ಹೊರಗಿನವರು ಬಂದು ಶೂಟಿಂಗ್ ಮಾಡಿ ಹೋಗುವುದಕ್ಕೂ ಒಂದು ಊರಿನಲ್ಲಿ ಉದ್ಯಮ ಬೇರು ಬಿಡುವುದಕ್ಕೂ ಇರುವ ಅಂತರ ಇದು. ಮುದಗಲ್ಲಿನ ಕೋಟೆ, ಜಲದುರ್ಗದ ಕೆಳಗೆ ಹರಿಯುವ ಕೃಷ್ಣೆ, 1294ರ ಶಾಸನವನ್ನೂ ಆ ಭಾರೀ ಬಂಡೆಯನ್ನು ಗಾಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಮೈಮೇಲೆ ಕೆತ್ತಿಸಿಕೊಂಡಿರುವ ರಾಯಚೂರು ಕೋಟೆಯ ಗೋಡೆ, ಗಬ್ಬೂರಿನ ಗುಡಿಗಳು: ಇವನ್ನು ತೋರಿಸಿ ಬನ್ನಿ ಬನ್ನಿ ಎಂದರೆ ಬರುತ್ತಾರೆ. ಬಂದವರು ಹೋಗುತ್ತಾರೆ ಕೂಡ.

ಹಾಗಾದರೆ ನಮ್ಮಲ್ಲಿ ಕೈಗಳಿವೆಯೇ? ಇವೆ. ನಾವು ಅವನ್ನು ಸಿನಿಮಾದ ಕೈಗಳು ಎಂದು ಎಣಿಸಿಲ್ಲ, ಅಷ್ಟೆ. ದೊಡ್ಡಾಟ ಕಲಿಸುವ ಮಾಸ್ತರರಿದ್ದಾರೆ. ಕಂಪನಿ ನಾಟಕಕ್ಕೆ ಪರದೆ ಕಟ್ಟಿದವರಿದ್ದಾರೆ. ಮೊಹರಂ ಬಂದರೆ ರಾತ್ರಿಯಿಡೀ ರಿವಾಯತ್ ಹಾಡುವವರು, ಅಲಾಯಿ ಕುಣಿಯುವವರು ಊರೂರಿಗಿದ್ದಾರೆ. ಮದುವೆ ವಿಡಿಯೋ ತೆಗೆಯುವ ಹುಡುಗರಂತೂ ಪ್ರತಿ ಹೋಬಳಿಯಲ್ಲಿ ಸಿಗುತ್ತಾರೆ. ಅವರ ಬಳಿ ಒಳ್ಳೆಯ ಕ್ಯಾಮೆರಾ ಇದೆ, ಡ್ರೋನ್ ಇದೆ, ಎಡಿಟಿಂಗ್ ಗೊತ್ತಿದೆ. ಯೂಟ್ಯೂಬಿನ ಜಾನಪದ ಹಾಡುಗಳನ್ನು ಹತ್ತಿ ಹೊಲದಲ್ಲಿ, ಕಾಲುವೆ ದಂಡೆಯಲ್ಲಿ ನಿಂತು ಒಂದೇ ದಿನದಲ್ಲಿ ತೆಗೆದು ಮುಗಿಸುವವರು ಇವರೇ. ಇವರಿಗೆ ಗೊತ್ತಿಲ್ಲದ್ದು ಕಥೆಯನ್ನು ಎರಡು ಗಂಟೆ ಹಿಡಿದು ನಿಲ್ಲಿಸುವ ಕ್ರಮ, ಸ್ಥಳದಲ್ಲೇ ಧ್ವನಿ ಹಿಡಿಯುವ ಶಿಸ್ತು, ಲೆಕ್ಕ ಬರೆದು ಬಜೆಟ್ ಮಾಡುವ ರೂಢಿ. ಇವೆಲ್ಲ ಕಲಿಸಬಹುದಾದ ವಿದ್ಯೆಗಳು.

ಮಹಾರಾಷ್ಟ್ರದ ಮಾಲೆಗಾಂವ್ ಇಂಥದೇ ಮೂಲದಿಂದ ಎದ್ದ ಊರು. ಮಗ್ಗದ ಊರು, ಬಡವರ ಊರು. ಮದುವೆ ವಿಡಿಯೋ ತೆಗೆಯುವ ಕ್ಯಾಮೆರಾದಲ್ಲೇ ಶೇಖ್ ನಾಸಿರ್ ಮತ್ತು ಗೆಳೆಯರು 2000ದ ಹೊತ್ತಿಗೆ 'ಮಾಲೆಗಾಂವ್ ಕೇ ಶೋಲೆ' ತೆಗೆದರು. ಸೈಕಲ್ಲಿನ ಮೇಲೆ, ಎತ್ತಿನಗಾಡಿಯ ಮೇಲೆ ಕ್ಯಾಮೆರಾ ಇಟ್ಟು ಮಾಡಿದ ಸಿನಿಮಾಗಳವು. ಅವರಿಗೆ ಉತ್ಸಾಹದ ಕೊರತೆ ಇರಲಿಲ್ಲ, ಊರಿನ ಜನ ನೋಡಿದರು ಕೂಡ. ಆದರೆ ಬೆನ್ನಿಗೆ ಒಂದು ಸಂಸ್ಥೆಯಾಗಲಿ ಸ್ಥಳೀಯ ಆಡಳಿತವಾಗಲಿ ನಿಲ್ಲಲಿಲ್ಲ. ಆ ಉತ್ಸಾಹ ಉದ್ಯಮವಾಗದೆ ಉಳಿಯಿತು. ಮಂಗಳೂರಿನಲ್ಲಿ ಬೇರೆ ಆಯಿತು. 2011ರ ತುಳು ಚಿತ್ರ 'ಒರಿಯರ್ದೊರಿ ಅಸಲ್' ಗೆದ್ದದ್ದು ಅದೇ ಹೆಸರಿನ ನಾಟಕದ ಬೆನ್ನೇರಿ. ನಾಟಕ ನೋಡುತ್ತಿದ್ದ ತುಳು ಜನವೇ ಚಿತ್ರಮಂದಿರಕ್ಕೂ ಬಂದರು. ಆಮೇಲೆ ವರ್ಷ ವರ್ಷವೂ ತುಳು ಚಿತ್ರಗಳು ಬರತೊಡಗಿದವು.

ಕಥೆಗಳ ವಿಷಯಕ್ಕೆ ಬಂದರೆ ನಮಗೆ ಬಡತನವೇ ಇಲ್ಲ. ಮಾನ್ವಿಯ ಜಗನ್ನಾಥದಾಸರ ಬದುಕು ಈಗಾಗಲೇ ಪರದೆಗೆ ಬಂದಿದೆ. ಮಧುಸೂದನ ಹವಾಲ್ದಾರ್ ಆ ಚಿತ್ರ ಮಾಡಿದರು. ಚೀಕಲಪರ್ವಿಯ ವಿಜಯದಾಸರು ಅದೇ ಮಣ್ಣಿನವರು. ಜಂಬಣ್ಣ ಅಮರಚಿಂತರ 'ಕುರುಮಯ್ಯ ಮತ್ತು ಅಂಕುಶದೊಡ್ಡಿ' ಕಾದಂಬರಿಯನ್ನು ಓದುವಾಗ ನನಗೆ ಯಾವಾಗಲೂ ದೃಶ್ಯಗಳೇ ಕಾಣುತ್ತವೆ. ಹೆಂಬೇರಾಳದ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ತಂದರು. ನಮ್ಮ ಪೇಟೆಯಲ್ಲಿ ಒಬ್ಬನೇ ವ್ಯಾಪಾರಿ ಕನ್ನಡ, ತೆಲುಗು, ದಖನಿ ಉರ್ದು ಮೂರರಲ್ಲೂ ಚೌಕಾಸಿ ಮಾಡುತ್ತಾನೆ. ತಾಂಡಾಗಳಲ್ಲಿ ಲಂಬಾಣಿ ಇದೆ. ಈ ಬೆರಕೆ ಮಾತನ್ನು ಕಿವಿಯಲ್ಲಿ ತುಂಬಿಕೊಂಡ ಸಂಭಾಷಣೆಕಾರ ಗಾಂಧಿನಗರದಲ್ಲಿ ಹುಟ್ಟುವುದಿಲ್ಲ.

ಇಲ್ಲೊಂದು ಹಳೆಯ ಗೆರೆಯನ್ನು ನೆನೆಯಬೇಕು. ರಾಯಚೂರು 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮ ಹೋಗಿ ಮುಕ್ಕಾಲು ಶತಮಾನ ದಾಟಿದರೂ ಹಿಂದಿ ಚಿತ್ರಗಳ ಹಂಚಿಕೆಯ ನಕ್ಷೆಯಲ್ಲಿ 'ನಿಜಾಮ್' ಎಂಬ ವಲಯ ಉಳಿದೇ ಇದೆ. ತೆಲಂಗಾಣದ ಜೊತೆಗೆ ನಮ್ಮ ಬೀದರ, ಕಲಬುರಗಿ, ರಾಯಚೂರು ಅದರೊಳಗೆ ಬರುತ್ತವೆ. ಹೈದರಾಬಾದು ಇಲ್ಲಿಂದ 200 ಕಿಲೋಮೀಟರ್ ಆಸುಪಾಸು, ಬೆಂಗಳೂರು 400ಕ್ಕೂ ಹೆಚ್ಚು. ತೆಲುಗು ಚಿತ್ರ ಇಲ್ಲಿ ಪರಭಾಷೆಯ ಚಿತ್ರ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದಕ್ಕೆ ನಾನು ಹೊಟ್ಟೆಕಿಚ್ಚು ಪಡುವವನಲ್ಲ, ನಾನೂ ನೋಡುತ್ತೇನೆ. 2023ರಲ್ಲಿ ಬಂದ 'ಬಲಗಂ' ನೋಡಿದಾಗ ಮಾತ್ರ ಎದೆ ಭಾರವಾಯಿತು. ತೆಲಂಗಾಣದ ಹಳ್ಳಿ ಭಾಷೆ ಒಂದು ಕಾಲಕ್ಕೆ ತೆಲುಗು ಚಿತ್ರದಲ್ಲಿ ಖಳನಿಗೆ, ಕೋಡಂಗಿಗೆ ಮೀಸಲಾಗಿತ್ತು. ಅದೇ ಭಾಷೆಯಲ್ಲಿ ಒಂದು ಸಾವಿನ ಮನೆಯ ಕಥೆ ಹೇಳಿದರು ವೇಣು ಎಲ್ದಂಡಿ. ಹಳ್ಳಿ ಹಳ್ಳಿಯಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ಊರಿಗೆ ಊರೇ ಕೂತು ನೋಡಿ ಅತ್ತಿತು. ನಮ್ಮ ಭಾಷೆಗೂ ಅಂಥ ಬಯಲು ಸಿಗಬಾರದೇ?

ಈಗ ಹಣದ ಮಾತು. ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾಗದು. ಒಂದು ಚಿಕ್ಕ ಕನ್ನಡ ಚಿತ್ರವನ್ನು ಮಾನ್ವಿಯಲ್ಲಿ ತೆಗೆಯುತ್ತೀರಿ ಅಂದುಕೊಳ್ಳಿ. ಕ್ಯಾಮೆರಾ, ಲೆನ್ಸು, ದೀಪ, ಧ್ವನಿ ಯಂತ್ರ ಎಲ್ಲ ಬೆಂಗಳೂರಿನಿಂದ ಬಾಡಿಗೆಗೆ ಬರಬೇಕು. ಬರುವ ದಿನಕ್ಕೂ ಹೋಗುವ ದಿನಕ್ಕೂ ಬಾಡಿಗೆ ಏರುತ್ತದೆ. ಅದರ ಜೊತೆ ಬರುವ ಕೆಲಸಗಾರರಿಗೆ ಕೂಲಿ, ಬತ್ತೆ, ಲಾಡ್ಜು. ಎಡಿಟಿಂಗ್, ಡಬ್ಬಿಂಗ್, ಬಣ್ಣ ತಿದ್ದುವ ಕೆಲಸ ಮತ್ತೆ ಬೆಂಗಳೂರಿನಲ್ಲಿ. ಸೆನ್ಸಾರ್ ಕಚೇರಿ ಬೆಂಗಳೂರಿನಲ್ಲಿ. ಊರಿಗೆ ಸಿಗುವುದು ಊಟದ ಮೆಸ್ಸಿನವನ ಬಿಲ್ಲು, ಲಾಡ್ಜಿನ ಬಾಡಿಗೆ, ಎರಡು ಟ್ರ್ಯಾಕ್ಟರಿನ ಬಾಡಿಗೆ, ಗುಂಪಿನಲ್ಲಿ ನಿಲ್ಲುವವರ ದಿನಗೂಲಿ. ಉಳಿದ ಹಣವೆಲ್ಲ ಬಂದ ಬಸ್ಸಿನಲ್ಲೇ ವಾಪಸ್ಸು. ಉದ್ಯಮ ಕಟ್ಟುವುದೆಂದರೆ ಈ ಹಣದಲ್ಲಿ ಒಂದೊಂದೇ ಬಾಬತ್ತನ್ನು ಊರಿನಲ್ಲಿ ಉಳಿಸಿಕೊಳ್ಳುವುದು. ದೀಪ ಬಾಡಿಗೆಗೆ ಕೊಡುವವನು ಸಿಂಧನೂರಿನಲ್ಲಿ ಸಿಕ್ಕರೆ ಒಂದು ಬಾಬತ್ತು ಉಳಿಯಿತು. ಡಬ್ಬಿಂಗ್ ಕೋಣೆ ರಾಯಚೂರಿನಲ್ಲಿದ್ದರೆ ಇನ್ನೊಂದು.

ಈ ವಾದ ಹೊಸದಲ್ಲ. 1960ರ ದಶಕದಲ್ಲಿ ಬೆಂಗಳೂರೇ ಇದನ್ನು ಮಂಡಿಸಿತ್ತು. ಆಗ ಕನ್ನಡ ಚಿತ್ರವೆಂದರೆ ಮದ್ರಾಸಿನ ಸ್ಟುಡಿಯೋ, ಮದ್ರಾಸಿನ ಲ್ಯಾಬು, ಮದ್ರಾಸಿನ ಕೆಲಸಗಾರರು. ನಮ್ಮ ಜನರ ಟಿಕೆಟ್ ಹಣ ಅಲ್ಲಿಗೆ ಹೋಗುತ್ತಿದೆ ಎಂದು ಅಂದಿನ ಮೈಸೂರು ಸರ್ಕಾರ ರಾಜ್ಯದೊಳಗೆ ತಯಾರಾಗುವ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡತೊಡಗಿತು. 1966ರಲ್ಲಿ ಸರ್ಕಾರವೇ ಕಂಠೀರವ ಸ್ಟುಡಿಯೋ ಕಟ್ಟಿತು. ನಿಧಾನವಾಗಿ ಉದ್ಯಮ ಬೆಂಗಳೂರಿಗೆ ಬಂತು. ಅದೇ ಮಾತನ್ನು ಈಗ ರಾಯಚೂರು ಬೆಂಗಳೂರಿಗೆ ಹೇಳಬೇಕಾಗಿದೆ. ಹೇಳುವ ಹಕ್ಕು ನಮಗಿದೆ.

ಇವತ್ತಿನ ರಾಜ್ಯದ ಸಹಾಯಧನದಲ್ಲಿ ಒಂದು ತೊಡಕಿದೆ. ಅದು ಚಿತ್ರ ಮುಗಿದು, ಪ್ರಮಾಣಪತ್ರ ಪಡೆದು, ಸಮಿತಿ ನೋಡಿ ಆಯ್ಕೆ ಮಾಡಿದ ಮೇಲೆ ಬರುವ ಹಣ. ಆಯ್ಕೆಯೇ ವರ್ಷಗಟ್ಟಲೆ ತಡವಾದದ್ದುಂಟು. ಮೊದಲೇ ಕೈಯಲ್ಲಿ ದುಡ್ಡಿದ್ದವನಿಗೆ ಅದು ಆಸರೆ. ದೇವದುರ್ಗದ ಒಣಭೂಮಿ ರೈತನ ಮಗಳಿಗೆ ಅದರಿಂದ ಏನೂ ಆಗದು, ಯಾಕೆಂದರೆ ಆಕೆ ಚಿತ್ರವನ್ನು ಶುರು ಮಾಡಲೇ ಆಗುವುದಿಲ್ಲ. ಕೇರಳ ಈ ಗಂಟನ್ನು ಬಿಚ್ಚಿದ ರೀತಿ ನನಗೆ ಇಷ್ಟ. ಅಲ್ಲಿಯ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳಾ ನಿರ್ದೇಶಕರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ ಚಿತ್ರಕಥೆ ನೋಡಿ, ಒಂದು ಚಿತ್ರಕ್ಕೆ ಒಂದೂವರೆ ಕೋಟಿ ರೂಪಾಯಿಯ ತನಕ ತಾನೇ ಹಣ ಹೂಡುತ್ತದೆ. ತಾರಾ ರಾಮಾನುಜನ್ ಅವರ 'ನಿಷಿದ್ಧೋ', ಶ್ರುತಿ ಶರಣ್ಯಂ ಅವರ 'ಬಿ 32 ಮುದಲ್ 44 ವರೆ' ಹೀಗೆ ಬಂದ ಚಿತ್ರಗಳು. ಹಣ ಮೊದಲು, ಚಿತ್ರ ಆಮೇಲೆ.

ನಮ್ಮಲ್ಲಿ ಅಂಥ ಹಣಕ್ಕೆ ಮೂಲ ಎಲ್ಲಿ? ಇದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2023ರ ಬಜೆಟ್‌ನಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಸಾವಿರದಲ್ಲಿ ಒಂದು ಪಾಲು ತೆಗೆದರೆ 5 ಕೋಟಿ. ಕೇರಳದ ಲೆಕ್ಕದಲ್ಲೇ ಮೂರು ಚಿತ್ರ. ನಮ್ಮ ಹುಡುಗರ ಕೈಗೆ ಕೊಟ್ಟರೆ ಅದಕ್ಕೂ ಹೆಚ್ಚು. ಷರತ್ತು ಎರಡೇ ಇರಲಿ: ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಭಾಗದವರಿರಬೇಕು, ಹೊರಗಿನಿಂದ ಬರುವ ಪ್ರತಿ ತಂತ್ರಜ್ಞನ ಕೈಕೆಳಗೆ ಊರಿನ ಒಬ್ಬ ಕಲಿಯುವವನಿರಬೇಕು. 2025ರ ಬಜೆಟ್ ಚಿತ್ರರಂಗಕ್ಕೆ ಕೈಗಾರಿಕೆಯ ಸ್ಥಾನ ಘೋಷಿಸಿದೆ. ದೀಪ ಬಾಡಿಗೆಯ ಅಂಗಡಿ ಇಡುತ್ತೇವೆಂದು ನಾಳೆ ನಾಲ್ಕು ಹುಡುಗರು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದರೆ, ಹಿಟ್ಟಿನ ಗಿರಣಿಗೆ ಸಾಲ ಕೊಡಿಸುವಂತೆಯೇ ಅವರಿಗೂ ಕೊಡಿಸಬೇಕು. ಆ ಘೋಷಣೆಗೆ ಅರ್ಥ ಬರುವುದು ಆಗ.

ಸ್ಥಳೀಯ ಆಡಳಿತ ಹಣವಿಲ್ಲದೆಯೂ ಮಾಡಬಹುದಾದ ಕೆಲಸವೊಂದಿದೆ, ಅದು ಪರವಾನಗಿ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಕ್ಯಾಮೆರಾ ಇಡಬೇಕಾದರೆ ಕರ್ನಾಟಕ ನೀರಾವರಿ ನಿಗಮ, ನಾರಾಯಣಪುರ ಬಲದಂಡೆಯಾದರೆ ಕೃಷ್ಣಾ ಭಾಗ್ಯ ಜಲ ನಿಗಮ, ಕೋಟೆಗೆ ಪುರಾತತ್ವ ಇಲಾಖೆ, ರಸ್ತೆಗೆ ಪೊಲೀಸರು, ಶಾಲೆಗೆ ಶಿಕ್ಷಣ ಇಲಾಖೆ. ಯೂನಿಟ್ಟು ಒಂದು ದಿನ ಕೂತರೆ ಒಂದು ದಿನದ ಬಾಡಿಗೆ ಮಣ್ಣುಪಾಲು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿ ಒಂದೇ ಅರ್ಜಿ ಪಡೆದು ವಾರದೊಳಗೆ ಎಲ್ಲ ಕಡೆಯಿಂದ ಉತ್ತರ ತರಿಸಿಕೊಟ್ಟರೆ ಸಾಕು. ಮಧ್ಯಪ್ರದೇಶದ ಸಿಹೋರ್ ಜಿಲ್ಲೆಯ ಮಹೋಡಿಯಾ ಎಂಬ ಹಳ್ಳಿಯ ಪಂಚಾಯಿತಿ ಕಟ್ಟಡವೇ 'ಪಂಚಾಯತ್' ಸರಣಿಯ ಮನೆಯಾಯಿತು. ನಮ್ಮ ಗ್ರಾಮ ಪಂಚಾಯಿತಿಗಳೂ ಬಾಗಿಲು ತೆರೆಯಬಹುದು.

ಎಲ್ಲಕ್ಕಿಂತ ಮೊದಲಿನದು ಪರದೆ. ನೋಡುವವರಿಲ್ಲದೆ ಮಾಡುವವರು ಹುಟ್ಟುವುದಿಲ್ಲ. ಹೆಗ್ಗೋಡಿನಂಥ ಅಡಕೆ ತೋಟದ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು. ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವಿದೆ. ವಚನವನ್ನು ಹಿಂದೂಸ್ತಾನಿ ರಾಗದಲ್ಲಿ ಮನೆಮನೆಗೆ ಮುಟ್ಟಿಸಿದ ನಮ್ಮ ಜಿಲ್ಲೆಯ ಗಾಯಕನ ಹೆಸರಿನದು. ಅಲ್ಲಿ ವಾರಕ್ಕೊಂದು ಸಂಜೆ ಸಿನಿಮಾ ತೋರಿಸಲು ಒಳ್ಳೆಯ ಪ್ರೊಜೆಕ್ಟರ್, ಸ್ಪೀಕರು ಸಾಕು. ಮಹಾನಗರ ಪಾಲಿಕೆಯಾದ ಊರಿಗೆ ಇದು ದೊಡ್ಡ ಖರ್ಚಲ್ಲ. ದೇವದುರ್ಗ, ಮಾನ್ವಿಗಳಲ್ಲೂ ಸರ್ಕಾರಿ ಭವನಗಳಿವೆ, ಕಾಲೇಜಿನ ಸಭಾಂಗಣಗಳಿವೆ. ಚಿತ್ರ ಪ್ರದರ್ಶನದ ಪರವಾನಗಿ 1964ರ ರಾಜ್ಯದ ಸಿನಿಮಾ ಕಾಯ್ದೆಯ ಪ್ರಕಾರ ಜಿಲ್ಲಾಡಳಿತದ ಕೈಯಲ್ಲೇ ಇದೆ. 100 ರೂಪಾಯಿಯೊಳಗಿನ ಟಿಕೆಟ್ಟಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ ಶೇ 5ಕ್ಕೆ ಇಳಿದಿದೆ. ಐವತ್ತು ರೂಪಾಯಿಗೆ 'ಫೋಟೋ' ತೋರಿಸಿ, ನಿರ್ದೇಶಕರನ್ನು ಕರೆಸಿ ಮಾತಾಡಿಸಿ, ಮರುದಿನ ಬೆಳಿಗ್ಗೆ ಮದುವೆ ವಿಡಿಯೋದ ಹುಡುಗರಿಗೆ ಅದೇ ನಿರ್ದೇಶಕರಿಂದ ಪಾಠ ಹೇಳಿಸಿದರೆ, ಅದೇ ನಮ್ಮ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೊದಲ ತರಗತಿ.

ಕುಡಿಯುವ ನೀರಿಲ್ಲದ ಊರಿಗೆ ಸಿನಿಮಾ ಯಾಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಏಮ್ಸ್ ಬೇಕೆಂದು ಇದೇ ರಾಯಚೂರಿನ ಜನ ಸಾವಿರ ದಿನ ದಾಟಿ ಧರಣಿ ಕೂತವರು. ಪ್ರಾದೇಶಿಕ ಅಸಮಾನತೆಯ ಕುರಿತ ನಂಜುಂಡಪ್ಪ ವರದಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತ್ತು. ಆಸ್ಪತ್ರೆಯ ಹಣ, ನೀರಿನ ಹಣ ಮುಟ್ಟಬಾರದು, ಒಂದು ಪೈಸೆಯೂ. ಆದರೆ ಗುಳೆ ಹೋಗುವವರು ನೀರಿಗಾಗಿ ಮಾತ್ರ ಹೋಗುವುದಿಲ್ಲ, ಕೂಲಿಗಾಗಿ ಹೋಗುತ್ತಾರೆ. ಸಿನಿಮಾ ಕೂಲಿ ಬೇಡುವ ಉದ್ಯೋಗ. ಬಡಗಿ, ದರ್ಜಿ, ಅಡುಗೆಯವ, ಚಾಲಕ, ಎಲೆಕ್ಟ್ರಿಷಿಯನ್, ಹಾಡುಗಾರ್ತಿ ಎಲ್ಲರೂ ಅದರಲ್ಲಿ ಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸವಿಲ್ಲದಾಗ ಎರಡು ಚಿತ್ರ ನಡೆದರೂ ಆ ಎರಡು ತಿಂಗಳು ಕೆಲವು ಮನೆಗಳ ಬಾಗಿಲಿಗೆ ಬೀಗ ಬೀಳುವುದಿಲ್ಲ.

ಹಬ್ಬ ಮುಗಿಸಿ ಹೊರಟ ಆ ಲೈಟ್‌ಮನ್ ಹುಡುಗನನ್ನು ಬಸ್ ನಿಲ್ದಾಣದಲ್ಲಿ ಮತ್ತೆ ಕಂಡೆ. ಮುಂದಿನ ಶೂಟಿಂಗ್ ಎಲ್ಲಿ ಎಂದು ಕೇಳಿದೆ. ಚಿಕ್ಕಮಗಳೂರ ಕಡೆ ಅಂದ. ಕಥೆ ಏನು ಎಂದರೆ, "ನಮ್ಮ ಕಡೆ ಹಳ್ಳಿ ಕಥಿ ಅಂತ ಕಾಕಾ. ಅಲ್ಲೇ ಸೆಟ್ ಹಾಕ್ಯಾರ" ಅಂದು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ.